ಹೈಟೆನ್ಷನ್ ತಂತಿಯ ಪಕ್ಕದ ಸೈಟು: ಕೊಳ್ಳುವ ಮುನ್ನ ತಿಳಿಯಿರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳುತ್ತಾರೆ. ಎರಡಕ್ಕೂ ಕೂಡಿಟ್ಟ ಹಣ ಕರಗುತ್ತದೆ. ಎರಡನ್ನೂ ಅವಸರದಲ್ಲಿ ಮಾಡಿದರೆ ಜೀವನಪರ್ಯಂತ ಅನುಭವಿಸಬೇಕಾಗುತ್ತದೆ. ಹತ್ತಾರು ವರ್ಷ ದುಡಿದ ಹಣದಲ್ಲಿ ಸೈಟು ಹುಡುಕಲು ಹೊರಟವರಿಗೆ ಊರ ಅಂಚಿನಲ್ಲಿ ಕಡಿಮೆ ಬೆಲೆಯ ನಿವೇಶನವೊಂದು ಸಿಗುತ್ತದೆ. ರಸ್ತೆ ಇದೆ, ನೀರಿದೆ. ಪಕ್ಕದಲ್ಲಿ ದೊಡ್ಡ ಕಬ್ಬಿಣದ ಟವರುಗಳ ಕರೆಂಟ್ ತಂತಿ ಹಾದುಹೋಗಿದೆ, ಅಷ್ಟೆ. "ಅದೇನೂ ಮಾಡುವುದಿಲ್ಲ, ಎಷ್ಟೋ ಜನ ಕಟ್ಟಿಕೊಂಡು ಸುಖವಾಗಿದ್ದಾರೆ" ಎಂದು ಮಾರುವವರು ಹೇಳುತ್ತಾರೆ. "ಅಲ್ಲಿದ್ದರೆ ಮಕ್ಕಳಿಗೆ ಕ್ಯಾನ್ಸರ್ ಬರುತ್ತದಂತೆ" ಎಂದು ನೆಂಟರು ಹೇಳುತ್ತಾರೆ. ಯಾರ ಮಾತು ನಂಬಬೇಕು ಎಂದು ತಿಳಿಯದೆ ಕೆಲವರು ವೈದ್ಯರನ್ನೇ ಕೇಳುತ್ತಾರೆ.

ಈ ಎರಡೂ ಮಾತುಗಳು ಪೂರ್ತಿ ನಿಜವಲ್ಲ. ಕ್ಯಾನ್ಸರಿನ ಭಯ ಜನ ತಿಳಿದುಕೊಂಡಷ್ಟು ದೊಡ್ಡದಲ್ಲ. ಆದರೆ ತಂತಿಯ ಹತ್ತಿರ ಹೋಗಿ ಕರೆಂಟ್ ಹೊಡೆಸಿಕೊಳ್ಳುವ ಅಪಾಯ ಜನ ತಿಳಿದುಕೊಂಡಿದ್ದಕ್ಕಿಂತ ಬಹಳ ದೊಡ್ಡದು. ಇದರ ಜೊತೆಗೆ, ಕೊಂಡ ಜಾಗದಲ್ಲಿ ಮನೆ ಕಟ್ಟಲು ಅನುಮತಿಯೇ ಸಿಗದೆ ಹೋಗುವ ನಷ್ಟವೂ ಇದೆ. ಈ ಮೂರಕ್ಕೂ ಉತ್ತರ ಒಂದೇ: ತಂತಿಯಿಂದ ಎಷ್ಟು ದೂರ ಎಂಬುದನ್ನು ಮುಂಗಡ ಕೊಡುವ ಮೊದಲೇ ಅಳೆದು ನೋಡುವುದು. ಅದನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಯಾವ ತಂತಿ ಎಂದು ಮೊದಲು ಗುರುತಿಸಿರಿ

ಎಲ್ಲ ಕರೆಂಟ್ ತಂತಿಗಳೂ ಒಂದೇ ಅಲ್ಲ. ಮನೆಗೆ ಬರುವ ಕರೆಂಟು 230 ವೋಲ್ಟ್. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬರುವ ತಂತಿಯಲ್ಲಿ ಸಾಮಾನ್ಯವಾಗಿ 11 ಸಾವಿರ ವೋಲ್ಟ್ ಅಂದರೆ 11 ಕಿಲೋವೋಲ್ಟ್ ಇರುತ್ತದೆ. ಇದನ್ನು ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಮುಂತಾದ ಕಂಪನಿಗಳು ನೋಡಿಕೊಳ್ಳುತ್ತವೆ. ಇದು ಕಂಬದ ಮೇಲೆ ಹೋಗುತ್ತದೆ. ಕಬ್ಬಿಣದ ಎತ್ತರದ ಟವರುಗಳ ಮೇಲೆ ಹೊಲ, ಹಳ್ಳ, ಗುಡ್ಡ ದಾಟಿ ಹೋಗುವ ತಂತಿಗಳು 66, 110, 220 ಅಥವಾ 400 ಕಿಲೋವೋಲ್ಟಿನವು. ಇವುಗಳಲ್ಲಿ ಹೆಚ್ಚಿನವು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದವು, ಅಂದರೆ ಕೆ.ಪಿ.ಟಿ.ಸಿ.ಎಲ್.ಗೆ ಸೇರಿದವು. ದೊಡ್ಡ ಲೈನುಗಳಲ್ಲಿ ಕೆಲವು ಕೇಂದ್ರದ ಪವರ್ ಗ್ರಿಡ್ ನಿಗಮದವು.

ಯಾವ ಲೈನು ಎಂದು ತಿಳಿಯಲು ಟವರಿನ ಬುಡದ ಕಡೆ ನೋಡಿರಿ. ತಲೆಬುರುಡೆಯ ಚಿತ್ರವಿರುವ ಅಪಾಯದ ಫಲಕದಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ಟವರಿನ ನಂಬರ್ ಮತ್ತು ಲೈನಿನ ಹೆಸರಿನ ಫಲಕವೂ ಇರುತ್ತದೆ. ಅವನ್ನು ದೂರದಿಂದಲೇ ಓದಿ ಬರೆದುಕೊಳ್ಳಿರಿ. ಫಲಕ ಬಿದ್ದುಹೋಗಿದ್ದರೆ ತಂತಿಯನ್ನು ಹಿಡಿದಿರುವ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸರವನ್ನು ನೋಡಿರಿ. ವೋಲ್ಟ್ ಹೆಚ್ಚಿದಷ್ಟೂ ಸರ ಉದ್ದವಾಗುತ್ತದೆ. 66 ಕಿಲೋವೋಲ್ಟಿಗೆ ಐದಾರು ಬಿಲ್ಲೆಗಳಿದ್ದರೆ 220 ಕಿಲೋವೋಲ್ಟಿಗೆ ಹದಿಮೂರು ಹದಿನಾಲ್ಕು ಇರುತ್ತವೆ. ಇದು ಅಂದಾಜಿಗೆ ಮಾತ್ರ. ಖಚಿತ ಉತ್ತರವನ್ನು ನಿಗಮದ ಕಚೇರಿಯಿಂದಲೇ ಪಡೆಯಬೇಕು.

ಮುಟ್ಟದಿದ್ದರೂ ಹೊಡೆಯುವ ಕರೆಂಟು

ಮನೆಯ ಕರೆಂಟು ಮುಟ್ಟಿದರೆ ಮಾತ್ರ ಹೊಡೆಯುತ್ತದೆ. ಹೈಟೆನ್ಷನ್ ಲೈನಿನ ವಿಷಯ ಹಾಗಲ್ಲ. ಮನೆಯ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಟವರ್ ಲೈನಿನ ತಂತಿಗೆ ಹೊದಿಕೆ ಇರುವುದಿಲ್ಲ. ಅದರ ಸುತ್ತಲಿನ ಗಾಳಿಯೇ ಅದಕ್ಕೆ ಹೊದಿಕೆ. ಮನುಷ್ಯನೋ, ಕಬ್ಬಿಣದ ಸರಳೋ, ಹಸಿ ಬಿದಿರೋ ತೀರ ಸಮೀಪಕ್ಕೆ ಹೋದರೆ ಆ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ತಂತಿಯನ್ನು ಮುಟ್ಟದೆ ಇದ್ದವರೂ ಹೀಗೆ ಸುಟ್ಟುಹೋಗುತ್ತಾರೆ. "ಕೈಗೆ ಸಿಗದಷ್ಟು ಎತ್ತರದಲ್ಲಿದೆ" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಅಪಘಾತಗಳು ಯಾವಾಗ ಆಗುತ್ತವೆ ಎಂಬುದನ್ನು ನೆನಪಿಡಿರಿ. ಮನೆ ಕಟ್ಟುವಾಗ ಮೇಸ್ತ್ರಿಯ ಆಳು ಉದ್ದನೆಯ ಸರಳನ್ನು ಕೆಳಗಿನಿಂದ ತಾರಸಿಗೆ ಎತ್ತುವಾಗ, ಕೊಳವೆಬಾವಿ ಕೊರೆಯುವ ಲಾರಿಯ ಕಂಬ ಮೇಲೇಳುವಾಗ, ಅಲ್ಯೂಮಿನಿಯಂ ಏಣಿಯನ್ನು ನಿಲ್ಲಿಸುವಾಗ, ಟಿ.ವಿ. ಆಂಟೆನಾ ಕಟ್ಟುವಾಗ, ಬಾವುಟದ ಕಂಬ ನೆಡುವಾಗ, ಮಕ್ಕಳು ಗಾಳಿಪಟ ಬಿಡಿಸಿಕೊಳ್ಳಲು ಕೋಲು ಚಾಚಿದಾಗ. ಮನೆ ಒಂದು ಅಂತಸ್ತು ಇರುವವರೆಗೆ ಏನೂ ಆಗುವುದಿಲ್ಲ. ಮಗನ ಮದುವೆಯೆಂದು ಮೇಲೊಂದು ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕು ಎಂದು ಏರಿಸುತ್ತ ಹೋದ ಹಾಗೆ ತಂತಿಗೂ ಮನುಷ್ಯನಿಗೂ ಇರುವ ಅಂತರ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ತಂತಿ ಯಾವಾಗಲೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಬೇಸಿಗೆಯ ಬಿಸಿಲಿಗೆ ಮತ್ತು ಹೆಚ್ಚು ಕರೆಂಟು ಹರಿಯುವ ವೇಳೆಗೆ ತಂತಿ ಕಾದು ಉದ್ದವಾಗಿ ಜೋಲುತ್ತದೆ. ಜೋರು ಗಾಳಿಗೆ ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗುತ್ತದೆ. ನೀವು ಚಳಿಗಾಲದ ಬೆಳಿಗ್ಗೆ ನೋಡಿದ ತಂತಿ ಏಪ್ರಿಲ್ ಮಧ್ಯಾಹ್ನಕ್ಕೆ ಅದೇ ಜಾಗದಲ್ಲಿ ಇರುವುದಿಲ್ಲ.

ಹಾಗಾದರೆ ಕ್ಯಾನ್ಸರ್ ಬರುತ್ತದೆಯೇ?

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1979ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ಥೈಮರ್ ಮತ್ತು ಎಡ್ ಲೀಪರ್ ಎಂಬಿಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚು ಕರೆಂಟು ಹರಿಯುವ ತಂತಿಗಳ ಸಮೀಪದ ಮನೆಗಳಲ್ಲಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಂಡುಬಂದಿದೆ ಎಂಬುದು ಅದರ ಸಾರ. ಅಲ್ಲಿಂದ ಈಚೆಗೆ ಅನೇಕ ದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ಕರೆಂಟು ಹರಿಯುವ ಪ್ರತಿ ತಂತಿಯ ಸುತ್ತಲೂ ಕಾಂತಕ್ಷೇತ್ರ ಇರುತ್ತದೆ. ಗೋಡೆ, ಮರಗಳು ಇದನ್ನು ತಡೆಯಲಾರವು. ಇದನ್ನು ಮೈಕ್ರೋಟೆಸ್ಲಾ ಎಂಬ ಅಳತೆಯಲ್ಲಿ ಹೇಳುತ್ತಾರೆ. 2000ನೇ ಇಸವಿಯಲ್ಲಿ ಹಲವು ಅಧ್ಯಯನಗಳ ಅಂಕಿ ಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯೊಳಗೆ ಸರಾಸರಿ 0.3 ರಿಂದ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿನ ಕಾಂತಕ್ಷೇತ್ರವಿದ್ದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ದುಪ್ಪಟ್ಟು ಕಂಡುಬಂತು. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಇದನ್ನು "ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇರಬಹುದಾದ" ವಸ್ತುಗಳ ಗುಂಪಿಗೆ ಸೇರಿಸಿತು. "ಉಂಟುಮಾಡುತ್ತದೆ" ಎಂದು ಹೇಳಲಿಲ್ಲ. ಸಂದೇಹವಿದೆ, ಸಾಬೀತಾಗಿಲ್ಲ ಎಂಬುದು ಇದರ ಅರ್ಥ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೊಮ್ಮೆ ಎಲ್ಲವನ್ನೂ ಪರಿಶೀಲಿಸಿ, ಕಾಂತಕ್ಷೇತ್ರವೇ ಕಾರಣ ಎನ್ನಲು ಪುರಾವೆ ಸಾಲದು ಎಂದಿತು.

ಮುಂದೆ ಏನಾಯಿತು ಎಂಬುದನ್ನೂ ತಿಳಿಯಬೇಕು. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಬಂದ ಸುಮಾರು 29,000 ಮಕ್ಕಳ ಮಾಹಿತಿಯನ್ನು ನೋಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಹೈಟೆನ್ಷನ್ ಲೈನಿನಿಂದ 200 ಮೀಟರ್ ಒಳಗೆ ಮನೆಯಿದ್ದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಎಂದು ಅದು ಹೇಳಿತು. ಆದರೆ 2014ರಲ್ಲಿ ಅದೇ ಕೆಲಸವನ್ನು ಇನ್ನೂ ಹೆಚ್ಚು ವರ್ಷಗಳಿಗೆ ವಿಸ್ತರಿಸಿದಾಗ, ಆ ಹೆಚ್ಚಳ 1960, 70ರ ದಶಕಗಳಲ್ಲಿ ಕಂಡು, ಆಮೇಲಿನ ದಶಕಗಳಲ್ಲಿ ಇಲ್ಲವಾಗಿತ್ತು. ತಂತಿ ಅಲ್ಲೇ ಇದೆ, ಕರೆಂಟೂ ಹರಿಯುತ್ತಿದೆ, ಹೆಚ್ಚಳ ಮಾತ್ರ ಕಾಣುತ್ತಿಲ್ಲ. ಹಾಗಾದರೆ ಕಾರಣ ತಂತಿಯಲ್ಲದೆ ಬೇರೆ ಏನೋ ಇದ್ದಿರಬೇಕು ಎಂಬ ಅನುಮಾನಕ್ಕೆ ಇದರಿಂದ ಬಲ ಬಂತು.

"ದುಪ್ಪಟ್ಟು" ಎಂಬ ಮಾತು ಕೇಳಿ ಗಾಬರಿಯಾಗಬೇಡಿರಿ. ಮಕ್ಕಳ ರಕ್ತದ ಕ್ಯಾನ್ಸರ್ ಅಪರೂಪದ ಕಾಯಿಲೆ. ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 4 ಮಕ್ಕಳಿಗೆ ಬರುತ್ತದೆ ಎಂದಿಟ್ಟುಕೊಂಡರೆ, ದುಪ್ಪಟ್ಟಾದರೂ 8 ಆಗುತ್ತದೆ. ಉಳಿದ 99,992 ಮಕ್ಕಳಿಗೆ ಬರುವುದಿಲ್ಲ. ಇದೇ ಸಂಸ್ಥೆ ತಂಬಾಕು, ಅಡಿಕೆ, ಮದ್ಯ ಈ ಮೂರನ್ನೂ "ಕ್ಯಾನ್ಸರ್ ಉಂಟುಮಾಡುವುದು ಖಚಿತ" ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ. ದೂರದ ತಂತಿಗೆ ಹೆದರಿ, ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಕುಳಿತರೆ ಏನು ಪ್ರಯೋಜನ?

ಮಗುವಿಗೆ ರಕ್ತದ ಕ್ಯಾನ್ಸರ್ ಆಗಿ ಚಿಕಿತ್ಸೆಗೆ ಬಂದಿರುವ ತಂದೆತಾಯಿಗಳು ಈ ಸಾಲನ್ನು ಎರಡು ಸಲ ಓದಿರಿ: ನಿಮ್ಮ ಮನೆ ತಂತಿಯ ಹತ್ತಿರ ಇದ್ದುದರಿಂದ ಹೀಗಾಯಿತು ಎಂದು ಯಾರೂ ಹೇಳಲಾರರು. ಆ ಮನೆ ಕೊಂಡದ್ದು ನಿಮ್ಮ ತಪ್ಪಲ್ಲ. ಮನೆಯನ್ನು ಅವಸರದಲ್ಲಿ ಅರ್ಧ ಬೆಲೆಗೆ ಮಾರಬೇಡಿರಿ. ಈ ಕಾಯಿಲೆ ಪೂರ್ಣ ಚಿಕಿತ್ಸೆ ಪಡೆದರೆ ಹೆಚ್ಚಿನ ಮಕ್ಕಳಲ್ಲಿ ಗುಣವಾಗುತ್ತದೆ. ಹಣವನ್ನೂ ಶಕ್ತಿಯನ್ನೂ ಚಿಕಿತ್ಸೆ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳಲು ಉಳಿಸಿಕೊಳ್ಳಿರಿ.

ದೂರ ಹೆಚ್ಚಿದ ಹಾಗೆ ಕಡಿಮೆ

ಸಾಬೀತಾಗದ ಅಪಾಯವಾದರೂ, ಹೊಸದಾಗಿ ಕೊಳ್ಳುವವರಿಗೆ ಆಯ್ಕೆ ಇರುತ್ತದೆ. ಹೆಚ್ಚು ಖರ್ಚಿಲ್ಲದೆ ದೂರ ಇರಲು ಸಾಧ್ಯವಿದ್ದರೆ ದೂರ ಇರುವುದು ಜಾಣತನ. ಎಷ್ಟು ದೂರ? ಕಾಂತಕ್ಷೇತ್ರವು ದೂರ ಹೋದ ಹಾಗೆ ಬೇಗ ಬೇಗ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ, ನಮ್ಮ 220 ಕಿಲೋವೋಲ್ಟ್ ಲೈನಿಗೆ ಸಮನಾದ 230 ಕಿಲೋವೋಲ್ಟ್ ಲೈನಿನ ಸರಾಸರಿ ಲೆಕ್ಕ ಹೀಗಿದೆ:

ತಂತಿಯ ಕೆಳಗೆ: 5.75 ಮೈಕ್ರೋಟೆಸ್ಲಾ
50 ಅಡಿ ದೂರದಲ್ಲಿ: 1.95
100 ಅಡಿ ದೂರದಲ್ಲಿ: 0.71
200 ಅಡಿ ದೂರದಲ್ಲಿ: 0.18
300 ಅಡಿ ದೂರದಲ್ಲಿ: 0.08

ಅಂದರೆ 200 ಅಡಿ ದೂರಕ್ಕೆ ಬರುವಷ್ಟರಲ್ಲಿ, ಸಂದೇಹ ಹುಟ್ಟಿಸಿದ 0.3 ಎಂಬ ಅಂಕಿಗಿಂತ ಕೆಳಗೆ ಇಳಿದಿರುತ್ತದೆ. ತಂತಿಯಲ್ಲಿ ಹರಿಯುವ ಕರೆಂಟಿಗೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗಬಹುದು. ತಕ್ಷಣದ ತೊಂದರೆಗಳನ್ನು ತಡೆಯಲು ಅಂತರರಾಷ್ಟ್ರೀಯ ತಜ್ಞರ ಆಯೋಗ 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಿದ ಮಿತಿ 200 ಮೈಕ್ರೋಟೆಸ್ಲಾ. ತಂತಿಯ ಕೆಳಗೆ ನಿಂತರೂ ಅಷ್ಟು ಇರುವುದಿಲ್ಲ. ಆದ್ದರಿಂದ ಹೊಲಕ್ಕೆ ಹೋಗುವಾಗ ಲೈನಿನ ಕೆಳಗೆ ನಡೆದು ದಾಟಿದರೆ ಏನೂ ಆಗುವುದಿಲ್ಲ. ಗರ್ಭಿಣಿಯರೂ ಹೆದರಬೇಕಾಗಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ದೊಡ್ಡ ಲೈನಿನ ಕೆಳಗೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವ ಮೊದಲು ತಮ್ಮ ಹೃದ್ರೋಗ ವೈದ್ಯರನ್ನು ಕೇಳಬೇಕು.

ಮಳೆ, ಮಂಜು ಇದ್ದಾಗ ತಂತಿಯಿಂದ ಗುಂಯ್ ಎಂಬ ಸದ್ದು ಕೇಳುತ್ತದೆ. ಲೈನಿನ ಕೆಳಗೆ ತಗಡಿನ ಶೆಡ್ಡು ಅಥವಾ ತಂತಿಬೇಲಿ ಮುಟ್ಟಿದರೆ ಜುಮ್ಮೆನ್ನುವುದೂ ಉಂಟು. ಇವು ಕಾಯಿಲೆಯ ಲಕ್ಷಣಗಳಲ್ಲ. ತಗಡು, ಬೇಲಿಗಳಿಗೆ ಸರಿಯಾಗಿ ಅರ್ಥಿಂಗ್ ಮಾಡಿಸಿದರೆ ಆ ಜುಮ್ಮು ನಿಲ್ಲುತ್ತದೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದು, 2023ರಲ್ಲಿ ಹೊಸದಾಗಿ ಪ್ರಕಟವಾದವು. ಅವುಗಳ ಪ್ರಕಾರ ಈಗಾಗಲೇ ಇರುವ ಹೈಟೆನ್ಷನ್ ಲೈನಿನ ಕೆಳಗೆ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ. "ಎತ್ತರದಲ್ಲಿದೆ, ಕೆಳಗೆ ಒಂದಂತಸ್ತು ಕಟ್ಟಿಕೊಳ್ಳಿ" ಎಂದು ಹೇಳುವವರ ಮಾತಿಗೆ ಮರುಳಾಗಬೇಡಿರಿ.

ಪಕ್ಕದಲ್ಲಿ ಕಟ್ಟುವುದಾದರೆ ಲೈನಿನ ಎರಡೂ ಕಡೆ ಖಾಲಿ ಬಿಡಬೇಕಾದ ಪಟ್ಟಿಯೊಂದಿದೆ. ಇದನ್ನು ಲೈನ್ ಕಾರಿಡಾರ್ ಎನ್ನುತ್ತಾರೆ. ಅದರ ಒಟ್ಟು ಅಗಲ ಸಾಮಾನ್ಯವಾಗಿ ಹೀಗಿರುತ್ತದೆ:

66 ಕಿಲೋವೋಲ್ಟ್: 18 ಮೀಟರ್ (ಮಧ್ಯದಿಂದ ಪ್ರತಿ ಕಡೆ ಸುಮಾರು 30 ಅಡಿ)
110 ಕಿಲೋವೋಲ್ಟ್: 22 ಮೀಟರ್ (ಪ್ರತಿ ಕಡೆ ಸುಮಾರು 36 ಅಡಿ)
220 ಕಿಲೋವೋಲ್ಟ್: 35 ಮೀಟರ್ (ಪ್ರತಿ ಕಡೆ ಸುಮಾರು 57 ಅಡಿ)
400 ಕಿಲೋವೋಲ್ಟ್: 46 ಮೀಟರ್ (ಪ್ರತಿ ಕಡೆ ಸುಮಾರು 75 ಅಡಿ)

ಮಾರುವವರು ಇನ್ನೊಂದು ಅಂಕಿ ಹೇಳಬಹುದು. 66 ಕಿಲೋವೋಲ್ಟಿಗೆ 2.3 ಮೀಟರ್, 220 ಕಿಲೋವೋಲ್ಟಿಗೆ 3.8 ಮೀಟರ್ ಬಿಟ್ಟರೆ ಸಾಕು ಎಂದು. ಆ ಅಂಕಿಗಳೂ ನಿಯಮದಲ್ಲಿ ಇರುವುದು ನಿಜ. ಆದರೆ ಅವು ಗಾಳಿಗೆ ತಂತಿ ನಿಮ್ಮ ಗೋಡೆಯ ಕಡೆಗೆ ಪೂರ್ತಿ ತೂಗಿದಾಗಲೂ ಉಳಿಯಬೇಕಾದ ಕನಿಷ್ಠ ಅಂತರ. ನಿಂತ ತಂತಿಯಿಂದ ಅಳೆಯುವ ಅಂತರವಲ್ಲ. ಆದ್ದರಿಂದ ಸೈಟು ಕೊಳ್ಳುವವರು ಮೇಲಿನ ಕಾರಿಡಾರ್ ಅಗಲವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಥಳೀಯ ಯೋಜನಾ ಪ್ರಾಧಿಕಾರವು ಇದಕ್ಕಿಂತ ಹೆಚ್ಚು ಬಿಡಬೇಕು ಎಂದು ಹೇಳಿದರೆ ಅದನ್ನೇ ಪಾಲಿಸಬೇಕು.

ಒಂದು ಸಣ್ಣ ಲೆಕ್ಕ

30 ಅಡಿ ಅಗಲ, 40 ಅಡಿ ಉದ್ದದ ಒಂದು ಸೈಟು ಇದೆ ಎಂದುಕೊಳ್ಳೋಣ. ಅದರ 40 ಅಡಿಯ ಬದಿಗೆ ಸಮನಾಗಿ, 20 ಅಡಿ ಆಚೆ, 66 ಕಿಲೋವೋಲ್ಟ್ ಲೈನಿನ ಮಧ್ಯಭಾಗ ಹಾದುಹೋಗಿದೆ. ಬಿಡಬೇಕಾದದ್ದು 30 ಅಡಿ. 20 ಅಡಿ ಹೊರಗೇ ಸಿಕ್ಕಿತು. ಉಳಿದ 10 ಅಡಿ ನಿಮ್ಮ ಸೈಟಿನೊಳಗೆ ಬಂತು. ಅಂದರೆ 1,200 ಚದರಡಿಯಲ್ಲಿ 400 ಚದರಡಿ ಕಟ್ಟಲು ಬಾರದ ಜಾಗ. ಉಳಿದ 20 ಅಡಿ ಅಗಲದಲ್ಲಿ ಇನ್ನೊಂದು ಬದಿಗೆ ಬಿಡಬೇಕಾದ ಜಾಗವನ್ನೂ ಕಳೆಯಿರಿ. ಮನೆಗೆ ಎಷ್ಟು ಉಳಿಯಿತು?

ಅದೇ ಜಾಗದಲ್ಲಿ 220 ಕಿಲೋವೋಲ್ಟ್ ಲೈನು ಇದ್ದರೆ ಬಿಡಬೇಕಾದದ್ದು 57 ಅಡಿ. ಹೊರಗೆ 20, ಒಳಗೆ 37. ಸೈಟಿನ ಅಗಲವೇ 30. ಇಡೀ ಸೈಟಿನಲ್ಲಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಪಕ್ಕದ ಸೈಟಿಗಿಂತ ಎರಡು ಲಕ್ಷ ಕಡಿಮೆಗೆ ಸಿಕ್ಕಿತು ಎಂದು ಕೊಂಡದ್ದು ತರಕಾರಿ ಬೆಳೆಯುವ ಹಿತ್ತಲಾಯಿತು.

ಪತ್ರಗಳಲ್ಲಿ ತಂತಿ ಕಾಣುವುದಿಲ್ಲ

ಸೈಟು ಕೊಳ್ಳುವಾಗ ಋಣಭಾರ ಪತ್ರ ತೆಗೆಸುತ್ತೀರಿ, ಪಹಣಿ ನೋಡುತ್ತೀರಿ, ಖಾತೆ, ಭೂಪರಿವರ್ತನೆ ಆದೇಶ ಕೇಳುತ್ತೀರಿ. ಇವೆಲ್ಲ ಸರಿಯಿದ್ದರೂ ಲೈನಿನ ವಿಷಯ ಇವುಗಳಲ್ಲಿ ಬರದೆ ಇರಬಹುದು. ಇದಕ್ಕೆ ಕಾರಣವಿದೆ. ಲೈನು ಎಳೆಯುವಾಗ ನಿಗಮಗಳು ಜಮೀನನ್ನು ಕೊಂಡುಕೊಳ್ಳುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಮಿನಂತೆ ಸರ್ಕಾರ ಅವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಕೊಡಬಹುದು. ಅದರ ಬಲದಿಂದ ಜಮೀನಿನ ಮೇಲೆ ತಂತಿ ಹಾಯಿಸುತ್ತಾರೆ. ಮಾಲೀಕತ್ವ ರೈತನ ಹೆಸರಿನಲ್ಲೇ ಉಳಿಯುತ್ತದೆ, ತಂತಿ ಹಾಯಿಸುವ ಹಕ್ಕು ಮಾತ್ರ ನಿಗಮದ್ದು. ಕ್ರಯಪತ್ರ ಇಲ್ಲದ್ದರಿಂದ ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಅದು ಕಾಣುವುದಿಲ್ಲ. "ಪತ್ರ ಎಲ್ಲ ಕ್ಲಿಯರ್ ಇದೆ" ಎಂಬ ಮಾತು ನಿಜವಾಗಿದ್ದೂ ನೀವು ಮೋಸಹೋಗಬಹುದು.

ಪರಿಹಾರದ ವಿಷಯವೂ ಹೀಗೇ. ಕೇಂದ್ರ ಇಂಧನ ಸಚಿವಾಲಯವು 2015ರ ಅಕ್ಟೋಬರಿನಲ್ಲಿ, ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇಕಡ 85, ಕಾರಿಡಾರಿಗೆ ಗರಿಷ್ಠ ಶೇಕಡ 15 ಪರಿಹಾರ ಎಂದು ಮಾರ್ಗಸೂಚಿ ಹೊರಡಿಸಿತು. 2024ರ ಜೂನ್ ತಿಂಗಳಲ್ಲಿ ಅದನ್ನು ಶೇಕಡ 200 ಮತ್ತು ಶೇಕಡ 30ಕ್ಕೆ ಹೆಚ್ಚಿಸಿತು. ರಾಜ್ಯಗಳು ಒಪ್ಪಿ ಅಳವಡಿಸಿಕೊಂಡಂತೆ ಇದು ಜಾರಿಗೆ ಬರುತ್ತದೆ. ಆದರೆ ಈ ಹಣ ಲೈನು ಎಳೆಯುವಾಗ ಜಮೀನು ಯಾರದಾಗಿತ್ತೋ ಅವರಿಗೆ. ಹಳೆಯ ಲೈನಿನ ಪಕ್ಕ ಈಗ ಕೊಳ್ಳುವವರಿಗೆ ಪರಿಹಾರ ಸಿಕ್ಕೀತೆಂದು ನಂಬಬೇಡಿರಿ. ಲೈನನ್ನು ಬೇರೆ ಕಡೆಗೆ ಸರಿಸಬೇಕೆಂದರೆ ಅದರ ಖರ್ಚನ್ನು ಕೇಳಿದವರೇ ಭರಿಸಬೇಕಾಗುತ್ತದೆ. ಒಂದು ಮನೆ ಕಟ್ಟುವವರ ಕೈಗೆ ಎಟುಕುವ ಖರ್ಚು ಅದಲ್ಲ.

ಮುಂಗಡ ಕೊಡುವ ಮೊದಲು ಇಷ್ಟು ಮಾಡಿರಿ

1. ಸೈಟಿನ ಸುತ್ತ ಕಾಲುನಡಿಗೆಯಲ್ಲಿ ಓಡಾಡಿ ತಂತಿ, ಟವರು ಎಲ್ಲೆಲ್ಲಿ ಇವೆ ನೋಡಿರಿ. ಬಡಾವಣೆಯ ನಕ್ಷೆಯ ಮೇಲೆ ಲೈನನ್ನು ಗುರುತು ಮಾಡಿಸಿರಿ.

2. ಅನುಮೋದನೆಯಾದ ವಿನ್ಯಾಸ ನಕ್ಷೆಯ ಪ್ರತಿಯನ್ನು ಯೋಜನಾ ಪ್ರಾಧಿಕಾರದಿಂದಲೇ ಪಡೆಯಿರಿ. ಮಾರುವವರು ತೋರಿಸುವ ಬಣ್ಣದ ಕಾಗದವನ್ನು ನಂಬಬೇಡಿರಿ. ಕಾರಿಡಾರನ್ನು ರಸ್ತೆ ಅಥವಾ ಖಾಲಿ ಜಾಗ ಎಂದು ಬಿಟ್ಟಿದ್ದಾರೋ, ಅಲ್ಲೂ ಸೈಟು ಮಾಡಿದ್ದಾರೋ ನೋಡಿರಿ.

3. ಲೈನಿನ ಮಧ್ಯಭಾಗದಿಂದ ಸೈಟಿನ ಗಡಿಗೆ ಎಷ್ಟು ದೂರ ಎಂದು ಪರವಾನಗಿ ಇರುವ ಸರ್ವೆಯರ್ ಅವರಿಂದ ಅಳತೆ ಮಾಡಿಸಿರಿ. ತಂತಿಯ ಎತ್ತರವನ್ನು ನೀವೇ ಕೋಲು, ಗಳ, ಕಬ್ಬಿಣದ ಟೇಪು ಎತ್ತಿ ಅಳೆಯಲು ಎಂದೂ ಹೋಗಬೇಡಿರಿ.

4. ಸರ್ವೆ ನಂಬರ್, ಲೈನಿನ ಹೆಸರು, ಟವರ್ ನಂಬರ್ ಬರೆದು, ನಕ್ಷೆಯ ಸಮೇತ ನಿಗಮದ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ ಅರ್ಜಿ ಕೊಡಿರಿ. "ಈ ಸೈಟಿನಲ್ಲಿ ಎಷ್ಟು ಜಾಗ ಬಿಡಬೇಕು, ಕಟ್ಟಲು ಆಕ್ಷೇಪಣೆ ಇದೆಯೇ" ಎಂದು ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಲೈನ್‌ಮನ್ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಹೊಸ ಲೈನು ಬರುವ ಅಥವಾ ಇದೇ ಲೈನನ್ನು ಹೆಚ್ಚು ವೋಲ್ಟಿಗೆ ಏರಿಸುವ ಯೋಜನೆ ಇದೆಯೇ ಎಂದೂ ಅದೇ ಅರ್ಜಿಯಲ್ಲಿ ಕೇಳಿರಿ.

5. ಸಾಲ ಬೇಡವೆಂದಿದ್ದರೂ ಒಮ್ಮೆ ಬ್ಯಾಂಕಿನಲ್ಲಿ ವಿಚಾರಿಸಿರಿ. ಬ್ಯಾಂಕು ಸಾಲ ಕೊಡಲು ಹಿಂಜರಿಯುವ ಸೈಟನ್ನು ನಾಳೆ ನೀವು ಮಾರಲು ಹೋದರೂ ಕೊಳ್ಳುವವರು ಸಿಗುವುದು ಕಷ್ಟ.

6. ಒಪ್ಪಂದ ಪತ್ರದಲ್ಲಿ "ವಿದ್ಯುತ್ ಲೈನಿನ ಕಾರಣ ಕಟ್ಟಡ ಪರವಾನಗಿ ದೊರೆಯದಿದ್ದರೆ ಮುಂಗಡ ವಾಪಸು" ಎಂಬ ಷರತ್ತನ್ನು ವಕೀಲರಿಂದ ಬರೆಸಿರಿ. ಇದಕ್ಕೆ ಒಪ್ಪದ ಮಾರಾಟಗಾರರ ಮನಸ್ಸಿನಲ್ಲಿ ಏನಿದೆ ಎಂಬುದು ಅಲ್ಲೇ ತಿಳಿಯುತ್ತದೆ.

7. ಕಟ್ಟಲು ಆರಂಭಿಸುವ ಮೊದಲು ನಿಗಮಕ್ಕೂ ವಿದ್ಯುತ್ ಪರಿವೀಕ್ಷಕರಿಗೂ ಅಳತೆಯ ನಕ್ಷೆಯೊಂದಿಗೆ ಲಿಖಿತ ಸೂಚನೆ ಕೊಡಬೇಕು. ಇದು ಮಾಲೀಕರ ಮತ್ತು ಕಂಟ್ರಾಕ್ಟರರ ಇಬ್ಬರ ಹೊಣೆ.

ಈಗಾಗಲೇ ಲೈನಿನ ಹತ್ತಿರ ವಾಸವಾಗಿದ್ದರೆ

ಎಲ್ಲರಿಗೂ ಮನೆ ಬದಲಿಸುವ ಶಕ್ತಿ ಇರುವುದಿಲ್ಲ. ಬದಲಿಸಲೇಬೇಕೆಂದೂ ಇಲ್ಲ. ಇದ್ದಲ್ಲೇ ಈ ಎಚ್ಚರಗಳನ್ನು ಪಾಲಿಸಿರಿ. ಮೇಲೆ ಅಂತಸ್ತು ಏರಿಸಬೇಡಿರಿ. ತಾರಸಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ದೊಡ್ಡವರ ಬಳಿ ಇರಲಿ. ತಾರಸಿಯ ಮೇಲೆ ಕಬ್ಬಿಣದ ಕಂಬ, ಆಂಟೆನಾ, ಬಟ್ಟೆ ಒಣಗಿಸುವ ಲೋಹದ ತಂತಿ ಬೇಡ. ಗಾಳಿಪಟವನ್ನು ಬಯಲಿನಲ್ಲಿ ಆಡಿಸಿರಿ. ಚೆಂಡು, ಪಟ, ಪಾರಿವಾಳ ಏನು ಸಿಕ್ಕಿಕೊಂಡರೂ ಅದನ್ನು ಬಿಟ್ಟುಬಿಡಬೇಕು ಎಂದು ಮಕ್ಕಳಿಗೆ ದಿನವೂ ಹೇಳಿರಿ. ತೆಂಗು, ಹಲಸು ಮುಂತಾದ ಎತ್ತರದ ಮರಗಳನ್ನು ಲೈನಿನ ಕೆಳಗೆ ನೆಡಬೇಡಿರಿ. ಇರುವ ಮರದ ಕೊಂಬೆಯನ್ನು ನೀವೇ ಕಡಿಯದೆ ನಿಗಮದವರಿಗೆ ತಿಳಿಸಿರಿ. ಮಲಗುವ ಕೋಣೆಗಳನ್ನು ಬದಲಿಸುವ ಅನುಕೂಲವಿದ್ದರೆ ಮಕ್ಕಳ ಹಾಸಿಗೆಯನ್ನು ಲೈನಿನಿಂದ ದೂರದ ಕಡೆಗೆ ಹಾಕಿರಿ. ಇದಕ್ಕೆ ಖರ್ಚಿಲ್ಲ.

ಕೂಲಿಯವರು, ಪೇಂಟರು, ಪ್ಲಂಬರು ತಾರಸಿ ಹತ್ತುವ ಮೊದಲು ಅವರಿಗೆ ತಂತಿಯನ್ನು ಬೆರಳು ಮಾಡಿ ತೋರಿಸಿರಿ. ಆ ಮನೆಯ ಅಪಾಯ ನಿಮಗೆ ಗೊತ್ತಿರುತ್ತದೆ, ಒಂದು ದಿನದ ಕೆಲಸಕ್ಕೆ ಬಂದವರಿಗೆ ಗೊತ್ತಿರುವುದಿಲ್ಲ.

ಅಪಘಾತವಾದರೆ ಏನು ಮಾಡಬೇಕು?

ಯಾರಿಗಾದರೂ ಹೈಟೆನ್ಷನ್ ಕರೆಂಟ್ ಹೊಡೆದರೆ ಓಡಿಹೋಗಿ ಹಿಡಿಯಬೇಡಿರಿ. ಒಣ ಕೋಲಿನಿಂದ ತಳ್ಳುವ ಉಪಾಯ ಮನೆಯ ಕರೆಂಟಿಗೆ ಸರಿ, ಇಲ್ಲಿ ನಿಮ್ಮ ಜೀವವನ್ನೂ ತೆಗೆಯುತ್ತದೆ. ಕೂಡಲೇ 1912ಕ್ಕೆ ಫೋನ್ ಮಾಡಿ ಲೈನು ಬಂದ್ ಮಾಡಲು ಹೇಳಿರಿ, 108ಕ್ಕೆ ಆಂಬುಲೆನ್ಸ್ ಕರೆಯಿರಿ. ಕರೆಂಟು ನಿಂತಿದೆ ಎಂದು ವಿದ್ಯುತ್ ಸಿಬ್ಬಂದಿ ಹೇಳಿದ ಮೇಲೆಯೇ ಹತ್ತಿರ ಹೋಗಿರಿ. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ನೆಲದಲ್ಲೂ ಕರೆಂಟು ಇರುತ್ತದೆ. ಕನಿಷ್ಠ ಮೂವತ್ತು ನಲವತ್ತು ಅಡಿ ದೂರ ಇರಿ, ಜನರನ್ನೂ ದನಕರುಗಳನ್ನೂ ತಡೆಯಿರಿ. ಅಷ್ಟರೊಳಗೆ ಸಿಕ್ಕಿಕೊಂಡಿದ್ದರೆ ದೊಡ್ಡ ಹೆಜ್ಜೆ ಹಾಕಿ ಓಡದೆ, ಎರಡೂ ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ ಜಾರಿಸುತ್ತ ಹೊರಗೆ ಬನ್ನಿರಿ.

ವ್ಯಕ್ತಿಗೆ ಉಸಿರಾಟ, ನಾಡಿ ಇಲ್ಲದಿದ್ದರೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತ ಇರಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿರಿ. ಸುಟ್ಟ ಗಾಯಕ್ಕೆ ಶಾಯಿ, ಅರಿಶಿನ, ಟೂತ್‌ಪೇಸ್ಟ್, ಮಣ್ಣು ಏನನ್ನೂ ಹಚ್ಚದೆ ಒಗೆದ ಬಟ್ಟೆ ಮುಚ್ಚಿರಿ.

ಬಹಳ ಮುಖ್ಯವಾದ ಮಾತು: ಕರೆಂಟಿನ ಗಾಯ ಹೊರಗೆ ನಾಣ್ಯದಷ್ಟು ಚಿಕ್ಕದಿದ್ದರೂ ಒಳಗೆ ಮಾಂಸಖಂಡಗಳು ಸುಟ್ಟಿರಬಹುದು. ಸತ್ತ ಮಾಂಸದಿಂದ ಬರುವ ಅಂಶ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಇದು ಆರಂಭವಾಗಿದೆ ಎಂದು ತಿಳಿಯಿರಿ. ಹೃದಯದ ಬಡಿತವೂ ಏರುಪೇರಾಗಬಹುದು. ಆದ್ದರಿಂದ "ಮಾತಾಡುತ್ತಿದ್ದಾನೆ, ಎದ್ದು ಕೂತಿದ್ದಾನೆ" ಎಂದು ಮನೆಗೆ ಕರೆದೊಯ್ಯಬೇಡಿರಿ. ಇ.ಸಿ.ಜಿ., ರಕ್ತ, ಮೂತ್ರ ಪರೀಕ್ಷೆ ಆಗಲೇಬೇಕು. ಮೇಲಿಂದ ಬಿದ್ದಿದ್ದರೆ ಬೆನ್ನುಮೂಳೆಗೆ ಪೆಟ್ಟಾಗಿರುವ ಸಂಭವವಿದೆ, ಎಳೆದಾಡದೆ ಹಲಗೆಯ ಮೇಲೆ ಮಲಗಿಸಿ ತನ್ನಿರಿ.

ನೆನಪಿಡಿರಿ

ತಂತಿಯ ಹತ್ತಿರದ ಸೈಟನ್ನು ಕೊಳ್ಳಲೇಬಾರದು ಎಂದಲ್ಲ. ಕಾರಿಡಾರಿನಿಂದ ಪೂರ್ತಿ ಹೊರಗಿದ್ದು, ನಿಗಮದ ಲಿಖಿತ ಒಪ್ಪಿಗೆ ಇದ್ದು, ಮನೆ 200 ಅಡಿಯಷ್ಟು ದೂರ ಬರುವಂತಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಕಾರಿಡಾರಿನ ಹೊರಗಿದ್ದು 200 ಅಡಿಯ ಒಳಗಿದ್ದರೆ ಕಟ್ಟಲು ಅಡ್ಡಿಯಿಲ್ಲ. ಇನ್ನೂ ದೂರದ ಸೈಟು ಅದೇ ಬೆಲೆಗೆ ಸಿಗುವಂತಿದ್ದರೆ ಅದನ್ನು ಆರಿಸಿಕೊಳ್ಳಿರಿ. ಕಾರಿಡಾರಿನ ಒಳಗಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ಸೈಟಿಗೆ ಉಳಿಸಿದ ಹಣ ಒಂದು ಸಲ ಮಾತ್ರ ಉಳಿಯುತ್ತದೆ, ತಲೆಯ ಮೇಲಿನ ತಂತಿ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.